ಮೆಸೇಜಿನ ಪಾಳಿ ಕಾಯುವ ಸುವರ್ಣಾ

“ಅತ್ತಿ, ನೀವು ಗಿರಣಿಗೆ ಜ್ವಾಳದ ಡಬ್ಬಿ ಒಯ್ದ ಇಡತೀರೆಲ್ಲ, ಹಂಗ ಅನ್ಕೋರಿ. ಗಿರಣ್ಯಾಗ ಮಂದಿ ಪಾಳಿ ಹಚ್ಚೂದಿಲ್ಲ, ಡಬ್ಬಿ ಪಾಳಿ ಹಚ್ಚತಾವ. ಮೊದಲ ಬಂದದ್ದು ಮುಂದ, ಆಮ್ಯಾಲೆ ಬಂದದ್ದು ಹಿಂದ. ನೀವು ಡಬ್ಬಿ ಇಟ್ಟ ಮನಿಗೆ ಬಂದು ಕಸಾ ಹೊಡಕೊಂತಿರತೀರಿ, ಡಬ್ಬಿ ಅಲ್ಲೆ ನಿಮ್ಮ ಹೆಸರಿನ್ಯಾಗ ನಿಂತಿರತೈತಿ. ನಮ್ಮ ಆಫೀಸಿನ ಕಂಪ್ಯೂಟರನ್ಯಾಗೂ ಹಂಗ. ಹೊಳಿಗೆ ನೀರ ಬಿಟ್ಟಾರ ಅಂತ ಮ್ಯಾಲಿಂದ ಸುದ್ದಿ ಬರತೈತಿ. ನಾ ಒಂದ ಸಲ ಟೈಪ್ ಮಾಡಿ ಬಿಡತೇನಿ. ಅದು ಹೊಳಿಸಾಲ ರೈತರೆಲ್ಲಾರ ಹೆಸರಿಗೆ ಒಂದೊಂದ ಮೆಸೇಜ ಆಗಿ ಪಾಳಿ ಹಚ್ಚತೈತಿ. ಒಳಗೊಬ್ಬ ಕಣ್ಣಿಗೆ ಕಾಣದ ಗಿರಣ್ಯಾಂವ ಅದಾನ. ಅಂವ ಒಂದೊಂದ ಎತ್ತಿ ಟವರಿಗೆ ಕೊಟ್ಕೋಂತ ಹೋಗತಾನ. ಟವರ್ ತುಂಬಿತ್ತಂದ್ರ ತಿರುಗಿ ತಂದ ಪಾಳ್ಯಾಗ ಇಡತಾನ, ಮತ್ತ ಸ್ವಲ್ಪ ತಡದ ಒಯ್ದ ನೋಡತಾನ. ಹೋಗೇ ಹೋಗಲಿಲ್ಲಂದ್ರ ಒಂದ ಬ್ಯಾರೆ ಮೂಲ್ಯಾಗ ಒಗದ ಬಿಡತಾನ. ಆ ಮೂಲಿಗೆ ಹಣಿಕಿ ಹಾಕಿ ನೋಡೂದು ನನ್ನ ಕೆಲಸ. ಯಾವ್ದು ಬಂತು, ಯಾವ್ದು ನಿಂತೈತಿ, ಯಾವ್ದು ಹೋತು, ಯಾವ್ದು ಎಡವಿ ಬಿತ್ತು, ಎಲ್ಲಾದಕ್ಕೂ ಒಂದ ಗುರ್ತ ಉಳಿಬೇಕು.

“ಖರೆ ಅತ್ತಿ, ‘ನಮ್ಮ ಡಬ್ಬಿ ಎಲ್ಲೈತೊ’ ಅಂತ ಗಿರಣ್ಯಾಂವನ್ನ ಕೇಳಿದ್ರ ಏನಂತಾನ? ‘ಬೀಸಿ ಇಟ್ಟಿದ್ನಿ, ಯಾರರ ಒಯ್ದಿರಬೇಕ ನೋಡ್ರಿ’ ಅಂತಾನ. ಯಾರ ಒಯ್ದರು, ಮನಿ ಮುಟ್ಟತೊ ಇಲ್ಲೊ, ಆ ಹಿಟ್ಟಿಲೆ ರೊಟ್ಟಿ ಆದ್ವೊ ಇಲ್ಲೊ, ಅಂವಗೇನ ಗೊತ್ತು? ನನ್ನ ಜೀವಾ ಅಲ್ಲೇ ಸಿಕ್ಕೊಂಡೈತಿ. ಹೋತು ಅನ್ನೂದು ಬ್ಯಾರೆ, ಮುಟ್ಟತು ಅನ್ನೂದು ಬ್ಯಾರೆ, ತಿಳೀತು ಅನ್ನೂದು ಇನ್ನೂ ಬ್ಯಾರೆ. ಹೋದದ್ದು ಮುಟ್ಟಿದ್ದು ಯಂತ್ರ ಹೇಳತೈತಿ. ತಿಳದದ್ದ ಯಾರ ಹೇಳಬೇಕು?”

ಸುವರ್ಣಾ ಇದನ್ನು ಹೇಳಿದ್ದು ಜಮಖಂಡಿಯ ತನ್ನ ಮನೆಯ ಕಟ್ಟೆಯ ಮೇಲೆ, ಆಫೀಸಿನಿಂದ ಬಂದು ಚಹಾ ಕುಡಿಯುತ್ತ. ಅತ್ತೆ ಹೊಳೆವ್ವ ಎದುರಿಗೆ ಕೂತು ಹೆಸರುಕಾಳು ಕೇರುತ್ತಿದ್ದಳು. ಎಲ್ಲ ಕೇಳಿ, ಮೊರ ಕೆಳಗಿಟ್ಟು, “ಇಷ್ಟೆಲ್ಲಾ ತ್ರಾಸ ಯಾಕ ಬೇ? ತಳವಾರನ್ನ ಕರದು ಡಂಗುರಾ ಹೊಡಸಿದ್ರ ಆತಲ್ಲ,” ಅಂದಳು.

“ಡಂಗುರದ ಸುದ್ದಿ ನಿಮ್ಮ ಬಾಯಾಗ ಬರಬಾರದ ನೋಡ್ರಿ ಅತ್ತಿ,” ಅಂದಳು ಸುವರ್ಣಾ.

ಹೊಳೆವ್ವ ನಕ್ಕಳು. ಯಾಕಂದರೆ ಆ ಕತೆ ಸೊಸೆಗೆ ಹೇಳಿದವಳು ಅವಳೇ. ಹೊಳೆವ್ವನ ಗಂಡನ ಊರು ಬೀಳಗಿ ಕಡೆಯದು. ಡ್ಯಾಮಿನ ಹಿನ್ನೀರು ಏರಿ ಆ ಊರು ಮುಳುಗಿತು. ಮುಳುಗುವ ಮೊದಲು ಮನೆ ಅಳತೆ ಮಾಡುವವರು ಬರುತ್ತಾರೆ, ಎಲ್ಲರೂ ಮನೆಯಲ್ಲಿರಿ ಎಂದು ಡಂಗುರ ಸಾರಿದ್ದರಂತೆ. ಗಂಡ ಹೆಂಡತಿ ಇಬ್ಬರೂ ಹೊಲದಲ್ಲಿದ್ದರು. ತಿರುಗಿ ಬರುವುದರೊಳಗೆ ಅಳತೆಯವರು ಬಂದು ಹೋಗಿಯಾಗಿತ್ತು. ಬಾಗಿಲಿಗೆ ಕೀಲಿ ಇದ್ದದ್ದಕ್ಕೆ ಹಿತ್ತಲ ಕೊಟ್ಟಿಗೆ ಪರಿಹಾರದ ಲೆಕ್ಕಕ್ಕೇ ಹತ್ತಲಿಲ್ಲ. ಕೇಳಹೋದರೆ, “ಡಂಗುರಾ ಹೊಡಸೇವಲ್ಲ” ಅಂದರು. ಹೊಡೆಸಿದ್ದು ಖರೆ. ಇವರಿಗೆ ಕೇಳಿಸದೇ ಇದ್ದದ್ದೂ ಖರೆ. ಇದನ್ನು ಹೊಳೆವ್ವ ಸಿಟ್ಟಿಲ್ಲದೆ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ ಸುವರ್ಣಾಳ ಮನಸ್ಸಿನಲ್ಲಿ ಅದು ಮುಳ್ಳು ಮುರಿದಂತೆ ಉಳಿದುಬಿಟ್ಟಿತ್ತು.

ಸುವರ್ಣಾಳ ತವರು ರಬಕವಿ. ಮಗ್ಗದ ಮನೆ. ಅಪ್ಪ ಸೀರೆ ನೇಯುತ್ತಿದ್ದ, ಅವ್ವ ಮತ್ತು ಹೆಣ್ಣುಮಕ್ಕಳು ಕಂಡಿಕೆ ಸುತ್ತಿ ಕೊಡುತ್ತಿದ್ದರು. ಹೊಕ್ಕಿನ ನೂಲು ಸುತ್ತಿದ ಆ ಸಣ್ಣ ಕೊಳವೆಗಳು ಒಂದಾದ ಮೇಲೊಂದು ಲಾಳಿಯೊಳಗೆ ಹೋಗಬೇಕು; ಒಂದು ತಡವಾದರೂ ಮಗ್ಗ ನಿಲ್ಲುತ್ತದೆ. ಅಡಿಗೆಮನೆಯಲ್ಲಿ ಕೂತಿದ್ದರೂ ಮಗ್ಗದ ಸಪ್ಪಳ ಬದಲಾದರೆ ಈ ಹುಡುಗಿ, “ಅಪ್ಪಾ, ಎಳಿ ಹರೀತ ನೋಡು” ಎಂದು ಕೂಗುತ್ತಿದ್ದಳು. ಪಿಯುಸಿ ಮುಗಿಸಿ ಬನಹಟ್ಟಿಯಲ್ಲಿ ಬಟ್ಟೆ ಅಂಗಡಿಯ ಮಾಳಿಗೆ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದಾಗ ಓಣಿಯ ಹೆಂಗಸರು, “ಕಂಡಿಕಿ ಬಿಟ್ಟ ಟಿವಿ ಮುಂದ ಕುಂಡ್ರಾಕ ಹೊಂಟಾಳ” ಎಂದು ಚಾಷ್ಟಿ ಮಾಡಿದರು. ಜಮಖಂಡಿ ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಬಾಳೇಶನಿಗೆ ಕೊಟ್ಟ ಮೇಲೆ, ಹೊಳೆಸಾಲಿನ ರೈತರು ಕೂಡಿ ಮಾಡಿಕೊಂಡ ಏತ ನೀರಾವರಿ ಸಂಘದ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಹೊಳೆಸಾಲಿನ ರೈತನ ಜೀವ ಹೊಳೆಯ ದಂಡೆಯ ಮೇಲಿನ ಮೋಟಾರಿನಲ್ಲಿರುತ್ತದೆ. ಕೃಷ್ಣೆಯಲ್ಲಿ ನೀರು ಇಳಿದ ಹಾಗೆ ಮೋಟಾರನ್ನು ಕೆಳಗಿಳಿಸುತ್ತಾರೆ, ಏರಿದ ಹಾಗೆ ಮೇಲಕ್ಕೆ ಎಳೆಯುತ್ತಾರೆ. ಮಳೆಗಾಲದಲ್ಲಿ ಈ ಕಡೆ ಚುರುಚುರು ಬಿಸಿಲಿರುತ್ತದೆ. ಮೇಲೆ ಘಟ್ಟದ ಕಡೆ ಮಳೆ ಸುರಿದು ನೀರು ಬಿಟ್ಟಿರುತ್ತಾರೆ. ಆಕಾಶ ನೋಡಿ ಹೊಳೆಯ ಸುದ್ದಿ ತಿಳಿಯುವ ಹಾಗಿಲ್ಲ. ಅದಕ್ಕೇ ಸಂಘದವರು ಎಲ್ಲರ ಮೊಬೈಲ್ ನಂಬರ್ ಬರೆದುಕೊಂಡು, ಮುಧೋಳದ ಸಿದ್ದಾರ್ಥ ಎಂಬ ಇಂಜಿನಿಯರನ ಕೈಯಿಂದ ಈ ಮೆಸೇಜಿನ ಏರ್ಪಾಡು ಮಾಡಿಸಿದ್ದರು.

ಸಿದ್ದಾರ್ಥ ಒಳ್ಳೆಯ ಹುಡುಗ. ಏನು ಕೇಳಿದರೂ ಬೇಸರವಿಲ್ಲದೆ ಹೇಳಿಕೊಡುವವನು. ಮೊದಮೊದಲು ಮೆಸೇಜು ಪಾಳಿಯಿಂದ ಹೊರಗೆ ಹೋದ ಕೂಡಲೇ ಕಂಪ್ಯೂಟರಿನಿಂದ ಅಳಿಸಿ ಹೋಗುತ್ತಿತ್ತು. ಪಾಳಿ ಖಾಲಿಯಾದರೆ ಕೆಲಸ ಆಯಿತು ಎಂದರ್ಥ. ಸುವರ್ಣಾಳಿಗೆ ಇದು ಸೇರಲಿಲ್ಲ.

“ಸಿದ್ದಾರ್ಥ ಸರ್, ಹೋದದ್ದರ ಗುರ್ತ ಯಾಕ ಉಳಿಯೂದಿಲ್ರಿ?”

“ಹೋದ ಮ್ಯಾಲೆ ಅದರ ಕೆಲಸಿಲ್ಲಲ್ರಿ ಅಕ್ಕಾ. ಇಟ್ಕೊಂಡ್ರ ಜಾಗಾ ತುಂಬತೈತಿ.”

“ತುಂಬಲಿ ಬಿಡ್ರಿ. ನಾಳೆ ಒಬ್ಬ ಬಂದು ನನಗ ಮೆಸೇಜ ಬಂದಿಲ್ಲ ಅಂದ್ರ ನಾ ಏನ ತೋರಸಲಿ? ಖಾಲಿ ಪಾಳಿ ತೋರಸಲ್ಯಾ?”

ಸಿದ್ದಾರ್ಥ ತಲೆ ತುರಿಸಿಕೊಂಡು ನಕ್ಕ. ಅದೇನೂ ದೊಡ್ಡ ಕೆಲಸವಾಗಿರಲಿಲ್ಲ. ಹೋದ ಮೆಸೇಜುಗಳೂ ಮುಂದಿನ ಮಳೆಗಾಲ ಮುಗಿಯುವವರೆಗೆ ಉಳಿಯುವಂತೆ ಡೇಟಾಬೇಸಿನಲ್ಲಿ ಹೇಳಿಟ್ಟ. ಪ್ರತಿಯೊಂದರ ಮುಂದೆ ಪಾಳಿಗೆ ಬಂದ ಹೊತ್ತು, ಹೋದ ಹೊತ್ತು, ಮೊಬೈಲು ಮುಟ್ಟಿದ ಹೊತ್ತು ಬಂದು ಕೂತವು. ಸುವರ್ಣಾ ಅಷ್ಟಕ್ಕೇ ಬಿಡಲಿಲ್ಲ. “ಆ ಸಾಲಿನ್ಯಾಗ ಇನ್ನೊಂದ ಖಾಲಿ ಮನಿ ಹಾಕಿ ಕೊಡ್ರಿ, ‘ಕೇಳಿತು’ ಅಂತ,” ಅಂದಳು.

“ಅದನ್ನ ಯಂತ್ರ ಹೆಂಗ ಹೇಳಬೇಕ್ರಿ?”

“ಯಂತ್ರ ಬ್ಯಾಡ. ಮಂದಿ ಹೇಳತಾರ.”

ಅವಳ ಉಪಾಯ ಹೀಗಿತ್ತು. ಮೆಸೇಜು ಬಂದ ಕೂಡಲೇ ರೈತರು ಆಫೀಸಿನ ಮೊಬೈಲಿಗೆ ಒಂದು ಮಿಸ್ ಕಾಲ್ ಕೊಡಬೇಕು. ಗಂಟೆ ಹೊಡೆದು ಬಿಟ್ಟರೆ ಸಾಕು, ಕಾಸು ಖರ್ಚಿಲ್ಲ. ಆ ನಂಬರಿನ ಮುಂದೆ ಇವಳು ‘ಕೇಳಿತು’ ಎಂದು ಗುರುತು ಹಾಕುತ್ತಾಳೆ. ಯಾರಿಂದ ಬರಲಿಲ್ಲವೋ ಅವರಿಗೆ ತಾನೇ ಫೋನು ಹಚ್ಚುತ್ತಾಳೆ.

ಇದನ್ನು ಕೇಳಿ ಸಂಘದ ಅಧ್ಯಕ್ಷ ಶಿದ್ರಾಮಪ್ಪನವರು ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು. “ಮಿಸ್ ಕಾಲ್ ಕೊಡಾಕ ನಾವೇನ ಕಾಲೇಜ ಹುಡುಗೂರೇನ ತಂಗಿ? ಈ ವಯಸ್ಸಿನ್ಯಾಗ ನಿನಗ ಮಿಸ್ ಕಾಲ್ ಕೊಟ್ನೆಂದ್ರ ನಮ್ಮ ಮನಿಯಾಕಿ ಲಟ್ಟಣಗಿ ತಗೊಂತಾಳ.”

“ಅವ್ವಾರ ಕೈಲೇ ಕೊಡಸ್ರಿ ಹಂಗಾರ,” ಅಂದಳು ಸುವರ್ಣಾ.

ಮಿಸ್ ಕಾಲ್ ಕೊಡುವುದು ನಮ್ಮ ಕಡೆ ಎಲ್ಲರಿಗೂ ಬರುತ್ತಿದ್ದ ವಿದ್ಯೆ. ಬಸ್ಸು ಹತ್ತಿದೆ ಎಂದು ಒಂದು, ಮುಟ್ಟಿದೆ ಎಂದು ಒಂದು, ಊಟಕ್ಕೆ ಬಾ ಎಂದು ಒಂದು. ಹಾಗಾಗಿ ಜನ ಲಗೂನೇ ಒಗ್ಗಿಕೊಂಡರು. ಅದರಲ್ಲೂ ತುಬಚಿಯ ಲಗಮವ್ವನಷ್ಟು ನೇಮದಿಂದ ಕೊಟ್ಟವರು ಯಾರೂ ಇಲ್ಲ. ಲಗಮವ್ವನ ಗಂಡ ಗುರಪ್ಪ ಸಂಘದ ಸದಸ್ಯ. ಗಂಡ ಹೆಂಡತಿ ಹೊಳೆಗೆ ಹತ್ತಿರದ ತೋಟದ ಮನೆಯಲ್ಲಿದ್ದರು. ಮೊಬೈಲು ಗುರಪ್ಪನ ಹೆಸರಿಗಿತ್ತು, ಇರುತ್ತಿದ್ದದ್ದು ಲಗಮವ್ವನ ಸೆರಗಿನ ಗಂಟಿನಲ್ಲಿ. ನಂಬರು ಬರೆಸಿಕೊಳ್ಳುವಾಗ ಸುವರ್ಣಾಳೇ ಅವಳಿಗೆ ಹಸಿರು ಗುಂಡಿ ತೋರಿಸಿ, “ದೊಡ್ಡವ್ವಾ, ಟಿಂಗ್ ಅಂದ ಕೂಡ್ಲೆ ಇದನ್ನ ಎರಡ ಸಲ ಒತ್ತಿ ಬಿಡ್ರಿ” ಎಂದು ಕಲಿಸಿದ್ದಳು. ಆಮೇಲೆ ಪ್ರತಿ ಸಲವೂ ಮೊದಲ ಮಿಸ್ ಕಾಲ್ ಅವರದೇ. ಸಂಘದ ಸಭೆಯಲ್ಲಿ ಶಿದ್ರಾಮಪ್ಪನವರು ಎದ್ದು ನಿಂತು, “ನೋಡ್ರಿ, ಗುರಪ್ಪನ ಮನಿ ಎಲ್ಲಾರಿಗಿಂತ ಮುಂದ. ಗುಂಡಿ ಒತ್ತಾಕ ನಿಮಗೇನ ಕೈಬಟ್ಟ ಸೆಟದಾವೇನು?” ಎಂದು ಉಳಿದವರನ್ನು ಬೈದಿದ್ದರು. ಗುರಪ್ಪ ಆ ದಿನ ಮನೆಗೆ ಹೋಗುವಾಗ ಹೆಂಡತಿಗೆ ಜಿಲೇಬಿ ಕಟ್ಟಿಸಿಕೊಂಡು ಹೋಗಿದ್ದ.

ಒಂದು ವರ್ಷ ಆಷಾಢದ ಮುಗಿಲಲ್ಲಿ ಹನಿಯೂ ಇರಲಿಲ್ಲ. ಹೊಳೆ ನಡುವೆ ಮರಳು ಕಾಣುತ್ತಿತ್ತು. ಅಂಥ ಒಂದು ಮುಂಜಾನೆ ಮೇಲಿನಿಂದ ಸುದ್ದಿ ಬಂತು: ನೀರು ಬಿಟ್ಟಿದ್ದಾರೆ, ಜಾಸ್ತಿಯೇ ಬಿಟ್ಟಿದ್ದಾರೆ, ಮಧ್ಯಾಹ್ನದೊಳಗೆ ನಮ್ಮ ಕಡೆ ಮುಟ್ಟುತ್ತದೆ.

ಸುವರ್ಣಾ ಕೂತು ಟೈಪ್ ಮಾಡಿದಳು. ‘ಹೊಳೆಗೆ ನೀರು ಬರುತ್ತಿದೆ. ಮೋಟಾರು ಮೇಲೆ ಎಳೆಯಿರಿ. ದನಕರು ಹೊಳೆಗೆ ಇಳಿಸಬೇಡಿ.’ ಗುಂಡಿ ಒತ್ತಿದಳು. ಹೆಸರಿಗೊಂದರಂತೆ ಮೆಸೇಜುಗಳು ಪಾಳಿ ಹಚ್ಚಿ ನಿಂತವು. ಹುನ್ನೂರ ಕಡೆಯವು ಸರಸರ ಹೋದವು. ತುಬಚಿ ಕಡೆಯವು ಹೋಗಲಿಲ್ಲ. ಟವರ್ ತುಂಬಿತ್ತೋ, ಕೆಟ್ಟಿತ್ತೋ, ಒಯ್ದದ್ದನ್ನು ಯಂತ್ರ ತಿರುಗಿ ತಂದು ತಂದು ಪಾಳಿಯಲ್ಲಿ ಇಡುತ್ತಿತ್ತು.

ಅಷ್ಟರಲ್ಲಿ ಆಫೀಸಿನ ಮೊಬೈಲು ಒಂದು ಸಲ ಗುಂಯ್ ಅಂದು ಸುಮ್ಮನಾಯಿತು. ಸುವರ್ಣಾ ನಂಬರು ನೋಡಿದಳು. ಗುರಪ್ಪನ ಮನೆಯದು.

“ಬಂತ ನೋಡ್ರಿ, ಇವತ್ತೂ ಲಗಮವ್ವಂದ ಮೊದಲ,” ಎಂದು ‘ಕೇಳಿತು’ ಮನೆಯಲ್ಲಿ ಗುರುತು ಹಾಕಲು ಹೋದಳು. ಕೈ ಹಾಗೇ ನಿಂತಿತು. ಅದೇ ಸಾಲಿನಲ್ಲಿ ಎಡಗಡೆಗೆ, ಗುರಪ್ಪನ ಹೆಸರಿನ ಮೆಸೇಜು ಇನ್ನೂ ಪಾಳಿಯಲ್ಲೇ ನಿಂತಿತ್ತು. ಹೋದ ಹೊತ್ತು ಖಾಲಿ. ಮುಟ್ಟಿದ ಹೊತ್ತು ಖಾಲಿ.

“ಅಧ್ಯಕ್ಷರ, ಮೆಸೇಜ ಹೋಗಿಲ್ರಿ. ಕೇಳಿತು ಅಂತ ಮಿಸ್ ಕಾಲ್ ಬಂದೈತಿ.”

ಶಿದ್ರಾಮಪ್ಪನವರು ಪೇಪರಿನಿಂದ ತಲೆ ಎತ್ತದೆ, “ಲಗಮವ್ವ ಭಾಳ ಶ್ಯಾಣ್ಯಾಕಿ ಬಿಡ ತಂಗಿ. ಬರೂಕಿಂತ ಮೊದಲ ತಿಳಕೊಂಡಾಳ,” ಅಂದರು.

ಸುವರ್ಣಾಳಿಗೂ ನಗು ಬಂತು. ನಗು ಬಂದದ್ದು ಅರ್ಧಕ್ಕೇ ಆರಿತು. ಯಂತ್ರವೇ ತಪ್ಪಿರಬೇಕು ಎಂದುಕೊಂಡು ಮುಧೋಳಕ್ಕೆ ಫೋನು ಹಚ್ಚಿದಳು. ಸಿದ್ದಾರ್ಥ ಅಲ್ಲಿಂದಲೇ ನೋಡಿ, “ಇಲ್ರಿ ಅಕ್ಕಾ, ಖರೇನ ಹೋಗಿಲ್ಲ. ಪಾಳ್ಯಾಗ ಐತಿ. ನಮ್ಮ ಮೆಸೇಜಿನ ದಾರಿ ಅಷ್ಟ ಕಟ್ಟೇತಿ, ಫೋನ್ ಹತ್ತತಾವ,” ಅಂದ.

ಹಾಗಾದರೆ ಲಗಮವ್ವನಿಗೆ ಕೇಳಿದ್ದೇನು?

ಆ ನಂಬರಿಗೆ ಹಚ್ಚಿದಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ಹಾಗೇ. ಸುವರ್ಣಾ ಎದ್ದು ನಿಂತುಬಿಟ್ಟಳು. ಮತ್ತೊಮ್ಮೆ ಹಚ್ಚಿ ಬಿಡದೇ ಹಿಡಿದಾಗ ಆ ಕಡೆ ಯಾರೋ ಎತ್ತಿ ದೊಡ್ಡ ದನಿಯಲ್ಲಿ ಕೂಗಿದರು.

“ಎಷ್ಟ ಸಲ ಮಿಸ್ ಕಾಲ್ ಕೊಡ್ತಿ ಎವ್ವಾ? ನಾ ಕೊಟ್ಟದ್ದು ನಿನಗ ಮುಟ್ಟೇತಿ ಅಂತ ಒಂದ ಸಲದಾಗ ತಿಳದೇನಿ. ಕೈಯಾಗ ಎಮ್ಮಿ ಹೆಂಡಿ ಐತಿ ನಂದು.”

“ದೊಡ್ಡವ್ವಾ, ಮಿಸ್ ಕಾಲ್ ಅಲ್ರಿ ಇದು. ನೀವ ಈಗ ಕೊಟ್ರೆಲ್ಲ, ಯಾಕ ಕೊಟ್ರಿ?”

“ಟಿಂಗ್ ಅಂತು, ಕೊಟ್ಟೆ.”

“ಏನ ಬರದಿತ್ರಿ?”

“ಬರದದ್ದ ನನಗೇನ ಗೊತ್ತ? ನಾ ಎಲ್ಲಿ ಸಾಲಿಗೆ ಹೋಗೇನಿ? ಟಿಂಗ್ ಅಂದ್ರ ಎರಡ ಸಲ ಒತ್ತ ಅಂತ ನೀನ ಕಲಸಿದಿ. ಮುಂಜಾನೆ ಎದ್ದರ ಟಿಂಗ್, ಮಧ್ಯಾಹ್ನ ಟಿಂಗ್, ಹಾಡ ಬೇಕೇನು ಅಂತ ಕಂಪನ್ಯಾವರು ಕಳಸತಾರಂತ, ಅದಕ್ಕೂ ಒತ್ತೇನಿ. ಒಂದೂ ಬಿಟ್ಟಿಲ್ಲ ನೋಡ.”

ಮೆಸೇಜು ಬಿಡದ ದಿನ ಆಫೀಸಿನ ಮೊಬೈಲಿಗೆ ಬರುವ ಮಿಸ್ ಕಾಲುಗಳನ್ನು ಸುವರ್ಣಾ ನೋಡುತ್ತಲೇ ಇರಲಿಲ್ಲ. ಹೋದ ಮಳೆಗಾಲದಿಂದ ಆ ಹೆಸರಿನ ಮುಂದೆ ತಾನು ಹಾಕಿದ ಗುರುತುಗಳೆಲ್ಲ ಕಣ್ಣ ಮುಂದೆ ಬಂದವು. ಸಂಜೆ ಗುರಪ್ಪ ಮನೆಗೆ ಬಂದಮೇಲೆ ಓದಿಕೊಂಡಿದ್ದರಿಂದ ಇಷ್ಟು ದಿನ ನಡೆದಿತ್ತು, ಅಷ್ಟೇ.

“ಗುರಪ್ಪ ಕಾಕಾ ಎಲ್ಲಿ ಅದಾರ್ರಿ?”

“ಎಮ್ಮಿ ಹೊಡಕೊಂಡ ನಡುಗಡ್ಡಿಗೆ ಹೋಗ್ಯಾರ. ಹೊಳಿ ದಾಟೂವಾಗ ಫೋನ್ ತೊಯ್ತೈತಿ ಅಂತ ನನ್ನ ಕಡೆ ಕೊಟ್ಟ ಹೋಗ್ಯಾರ.”

ತುಬಚಿಯ ಆಚೆ ಹೊಳೆಯ ನಡುವೆ ಹುಲ್ಲು ಬೆಳೆದ ಒಂದು ಗಡ್ಡೆ ಇದೆ. ನೀರು ಕಡಿಮೆ ಇದ್ದಾಗ ಮೊಣಕಾಲುಮಟ ನೀರಿನಲ್ಲಿ ನಡೆದು ಹೋಗಿ ದನ ಮೇಯಿಸುತ್ತಾರೆ.

“ದೊಡ್ಡವ್ವಾ, ಮ್ಯಾಲಿಂದ ನೀರ ಬಿಟ್ಟಾರ. ಮಧ್ಯಾಹ್ನದೊಳಗ ನಿಮ್ಮ ಕಡೆ ಬರತೈತಿ.”

“ಈ ಬಿಸಲಾಗ?” ಲಗಮವ್ವನ ದನಿ ಒಮ್ಮೆಲೇ ಸಣ್ಣದಾಯಿತು. “ಎವ್ವಾ, ಅವರು ಅಲ್ಲೆ ಗಿಡದ ನೆಳ್ಳಿಗೆ ಮಲಗಿರತಾರ…”

“ದಂಡಿಗೆ ಹೋಗಿ ಕೂಗ್ರಿ. ನೀರಿಗೆ ಮಾತ್ರ ಇಳೀಬ್ಯಾಡ್ರಿ, ನನ್ನ ಆಣಿ ಐತಿ ನಿಮಗ. ಫೋನ್ ಕೈಯಾಗ ಇರಲಿ. ನಾ ಹಚ್ಚಿದ್ರ ಎತ್ರಿ, ಇದು ಮಿಸ್ ಕಾಲ್ ಅಲ್ಲ.”

ದಾಟಿಸುವ ದೋಣಿ ಹೊಳೆಪ್ಪನದು. ಅವನ ನಂಬರು ಹತ್ತಲೇ ಇಲ್ಲ. ಅವನ ಮೆಸೇಜೂ ಅದೇ ಪಾಳಿಯಲ್ಲಿ ನಿಂತಿತ್ತು. ಅಷ್ಟೊತ್ತಿಗೆ ಶಿದ್ರಾಮಪ್ಪನವರು ಪೇಪರು ಒಗೆದು ಎದ್ದಿದ್ದರು. ಆಫೀಸಿನ ತಂತಿ ಫೋನು ಎತ್ತಿ, ತುಬಚಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಈರಪ್ಪನ ಅಂಗಡಿ ಫೋನಿಗೆ ಹಚ್ಚಿದರು. ಫೋನಿಲ್ಲದೆಯೇ ತುಬಚಿಗೆ ಕೇಳಿಸುವಂತೆ ಕೂಗಿದರು. “ಲೇ ಈರಪ್ಪಾ! ತಕ್ಕಡಿ ಬಿಡಲೇ! ಹೊಳೆಪ್ಪನ್ನ ಹಿಡಕೊಂಡ ದಂಡಿಗೆ ಓಡು. ಗುರಪ್ಪ ಗಡ್ಡ್ಯಾಗ ಅದಾನ, ಹೊಳಿ ಬರಾಕತ್ತೈತಿ. ಎಣ್ಣಿ ಆಮ್ಯಾಲೆ ಅಳೀವಂತಿ, ಓಡಲೇ!”

ಮುಂದೆ ಕಾಯುವುದೇ ಕೆಲಸ. ಸುವರ್ಣಾ ಕೂತಲ್ಲಿ ಕೂರಲಾರದೆ ತುಬಚಿಯ ಮೆಸೇಜುಗಳನ್ನು ಒಂದೊಂದಾಗಿ ಪಾಳಿಯ ಮುಂದಕ್ಕೆ ತಂದಳು. ಹೋಗದ ನಂಬರುಗಳಿಗೆ ತಾನೇ ಹಚ್ಚಿ ಹೇಳಿದಳು. ಹೇಳಿದವರಿಂದ, “ಏನ ಹೇಳಿದ್ನಿ, ಒಂದ ಸಲ ನೀವ ಹೇಳ್ರಿ” ಎಂದು ಹೇಳಿಸಿಕೊಂಡಳು. ಕೆಲವರು ಸಿಟ್ಟು ಮಾಡಿದರು. “ನಾವೇನ ಸಾಲಿ ಹುಡುಗೂರೇನ್ರಿ?” ಅಂದರು. ಅನ್ನಲಿ ಎಂದು ಬಿಡದೆ ಹೇಳಿಸಿದಳು.

ಕಡೆಗೆ ಲಗಮವ್ವನಿಗೆ ಹಚ್ಚಿದಳು. ಗಂಟೆ ಪೂರ್ತಿ ಆಗುವುದರೊಳಗೆ ಎತ್ತಿದಳು. ಗಾಳಿಯ ಸಪ್ಪಳ, ಏದುಸಿರು.

“ಕಾಣತಾರೇನ್ರಿ ದೊಡ್ಡವ್ವಾ?”

“ಕಾಣತಾರ, ಎದ್ದಾರ. ಹೊಳೆಪ್ಪ ದೋಣಿ ಹಾಕ್ಯಾನ. ನೀರಿನ ಬಣ್ಣ ತಿರುಗೇತಿ ಎವ್ವಾ, ಕೆಂಪ ಆಗೇತಿ. ಕಸಾ ಕಡ್ಡಿ ಹೊತ್ತ ತರಾಕತ್ತೈತಿ… ಹೊಳೆಪ್ಪ ಮುಟ್ಟಿದಾ. ಹತ್ತ ಅನ್ನಾಕತ್ತಾನ. ಇವರು ಹತ್ತವಲ್ರು!”

“ಯಾಕ್ರಿ?”

“ಎಮ್ಮಿ! ಎಮ್ಮಿ ನೀರಿಗೆ ಇಳೀವಲ್ವು. ಬಡದ್ರೂ ಇಳೀವಲ್ವು. ಎಮ್ಮಿ ಬಿಟ್ಟ ಬಾ ಅಂತ ಹೊಳೆಪ್ಪ ಬೈಯಾಕತ್ತಾನ, ಇವರು ಕೇಳವಲ್ರು. ಎಮ್ಮಿ ಮುಳಗಿದ್ರ ನಾನೂ ಮುಳಗತೇನಿ ಅಂತ ಕುಂತಾರ ನೋಡ, ನನ್ನ ಕರ್ಮ!”

ಆಮೇಲೆ ಲಗಮವ್ವ ಫೋನನ್ನು ಕೆಳಗೆ ಎಲ್ಲೋ ಇಟ್ಟಳೆಂದು ತೋರುತ್ತದೆ. ಅವಳ ದನಿ ದೂರದಿಂದ ಬಂತು. ಹಿಂಡುವ ಹೊತ್ತಿಗೆ ಎಮ್ಮೆ ಕರೆಯುವ ದನಿ. “ಹೋ… ಬಾ ನನ್ನವ್ವಾ, ಬಾ ಕರಿಯವ್ವಾ, ಬಾ ಬಾ ಬಾ…” ದಿನಾ ಸಂಜೆ ಹಿಂಡಿಯ ಬುಟ್ಟಿ ಹಿಡಿದು ಕರೆಯುವಂತೆ, ಏನೂ ಆಗಿಲ್ಲವೆಂಬಂತೆ ಕರೆಯುತ್ತಲೇ ಇದ್ದಳು. ಸುವರ್ಣಾ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಶಿದ್ರಾಮಪ್ಪನವರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಆಮೇಲೆ ಯಾರೋ ಗಂಡಸು ಜೋರಾಗಿ ಕೇಕೆ ಹಾಕಿದ. ಈರಪ್ಪನಿರಬೇಕು.

ಎಷ್ಟೋ ಹೊತ್ತಿನ ಮೇಲೆ ಫೋನು ಮತ್ತೆ ಕೈಗೆ ಬಂತು. “ಕರಿಯವ್ವ ಮೊದಲ ಇಳೀತು,” ಅಂದಳು ಲಗಮವ್ವ. “ಅದರ ಬೆನ್ನ ಹಿಂದ ಎಲ್ಲಾ ಇಳದ್ವು. ಈಸಕೊಂತ ಬಂದ್ವು. ಇವರು ದೋಣ್ಯಾಗ ಬಂದ್ರು.” ಗಡ್ಡೆಯ ಮೇಲಿನ ಹುಲ್ಲು ಆಗಲೇ ಮುಳುಗಿತ್ತಂತೆ. ದಂಡೆಯ ಮೇಲಿದ್ದ ಗುರಪ್ಪನ ಮೋಟಾರು ನೀರಿನ ಪಾಲಾಯಿತು. ಅದರ ಕಡೆ ಆ ದಿನ ಯಾರೂ ತಿರುಗಿ ನೋಡಲಿಲ್ಲ.

ಹೊಳೆ ಇಳಿದ ಮೇಲೆ ಗುರಪ್ಪ ಆಫೀಸಿಗೆ ಬಂದ. ಬೈಯಲು ಬಂದಿದ್ದಾನೆಂದು ಸುವರ್ಣಾ ಎದ್ದು ನಿಂತಳು. ಅವನು ಕುರ್ಚಿಯ ತುದಿಗೆ ಕೂತು, “ನಮ್ಮಾಕಿ ಫೋನ ಮುಟ್ಟವಲ್ಲಳ್ರಿ ಬಾಯಾರ,” ಅಂದ. “ಜ್ವಾಳದ ಚೀಲದಾಗ ಹುಗದ ಇಟ್ಟಾಳ. ಸಭಾದಾಗ ನಮ್ಮ ಹೆಸರ ಕರದ ಹೊಗಳಿದ್ರಿ, ಆಕಿ ಓಣಿ ತುಂಬ ಹೇಳಕೊಂಡ ಬಂದಿದ್ಲು. ಈಗ ‘ನನ್ನಿಂದ ನಿಮ್ಮ ಜೀವಾ ಹೋಗತಿತ್ತು’ ಅಂತ ಹಿಡದಾಳ. ಊಟಾನೂ ನೆಟ್ಟಗ ಮಾಡವಲ್ಲಳು.”

“ಇನ್ನ ಮ್ಯಾಲೆ ಈ ಮಿಸ್ ಕಾಲ್ ಗಿಸ್ ಕಾಲ್ ಬಂದ್ ಮಾಡ ತಂಗಿ,” ಅಂದರು ಶಿದ್ರಾಮಪ್ಪನವರು.

ಸುವರ್ಣಾ ಒಪ್ಪಲಿಲ್ಲ. ಉಳಿಸಿಟ್ಟ ಹಳೆಯ ಮೆಸೇಜುಗಳನ್ನೆಲ್ಲ ತೆಗೆದು, ಮಿಸ್ ಕಾಲ್ ಬಂದ ಹೊತ್ತಿಗೆ ಹೊಂದಿಸಿ ನೋಡಿದಳು. ಮೆಸೇಜು ಹೊರಡುವ ಮೊದಲೇ ‘ಕೇಳಿತು’ ಅಂದ ಮನೆಗಳು ಇನ್ನೂ ಇದ್ದವು. ಎಲ್ಲ ಕಡೆ ಫೋನು ಹಿಡಿದವರು ಓದಲು ಬಾರದ ಹೆಂಗಸರೇ. ಎಲ್ಲರೂ ಹೇಳಿದ ಕೆಲಸವನ್ನು ತಪ್ಪದೆ ಮಾಡಿದ್ದರು. ಸಿದ್ದಾರ್ಥನನ್ನು ಕರೆಸಿ, ಆ ಮನೆಗಳಿಗೆಲ್ಲ ಬೇರೆ ಪಾಳಿ ಹಾಕಿಸಿದಳು. ಎಲ್ಲಕ್ಕಿಂತ ಮೊದಲು ನಡೆಯಬೇಕಾದ ಪಾಳಿ ಅದು. ಅದರಲ್ಲಿ ಮೆಸೇಜಿಲ್ಲ, ಹೆಸರು ಬಂದ ಕೂಡಲೇ ಸುವರ್ಣಾಳೇ ಫೋನು ಮಾಡಿ ಬಾಯಿಂದ ಹೇಳಬೇಕು, ತಿರುಗಿ ಹೇಳಿಸಿಕೊಳ್ಳಬೇಕು, ಆಮೇಲೆಯೇ ಗುರುತು. “ಇದು ನಿಮಗ ಭಾಳ ಕೆಲಸ ಆಕ್ಕೈತ್ರಿ ಅಕ್ಕಾ,” ಅಂದ ಸಿದ್ದಾರ್ಥ. “ಆಗಲಿ ಬಿಡ್ರಿ, ಹೊಳಿ ದಿನಾ ಬರೂದಿಲ್ಲ,” ಅಂದಳು.

ಆದರೆ ಲಗಮವ್ವ ಫೋನನ್ನೇ ಜೋಳದಲ್ಲಿ ಹೂತಿಟ್ಟರೆ ಯಾವ ಪಾಳಿ ಇದ್ದರೇನು? ಮುಂದಿನ ಸಲ ನೀರು ಬಿಟ್ಟಾಗ ಗುರಪ್ಪ ಮತ್ತೆ ಗಡ್ಡೆಯಲ್ಲಿದ್ದರೆ? ಆಫೀಸಿಗೆ ಸೂಟಿ ಇದ್ದ ದಿನ ಸುವರ್ಣಾ ಬಾಳೇಶನ ಬಸ್ಸು ಹತ್ತಿ ತುಬಚಿಗೆ ಹೋದಳು.

ಲಗಮವ್ವ ಕೊಟ್ಟಿಗೆಯಲ್ಲಿ ಹೆಂಡಿ ಬಳಿಯುತ್ತಿದ್ದಳು. ಬಂದವಳನ್ನು ನೋಡಿ, “ಬಾ” ಅಂದಳು, ಮತ್ತೆ ಕಸಬರಿಗೆ ಹಿಡಿದಳು. ಕೂರು ಅನ್ನಲಿಲ್ಲ. ಸುವರ್ಣಾ ಗೋಡೆಗೆ ಒರಗಿ ನಿಂತಳು.

“ಕರಿಯವ್ವ ಯಾವುದ್ರಿ?”

“ಆ ಕಡೀದು. ಕೋಡ ಮುರದೈತಲ್ಲ, ಅದ.”

“ದೊಡ್ಡವ್ವಾ, ನಿಮ್ಮ ಮ್ಯಾಲೆ ತಪ್ಪಿಲ್ರಿ. ನಾ ಟಿಂಗ್ ಅಂದ್ರ ಒತ್ರಿ ಅಂದ್ನಿ, ನೀವ ಒತ್ತಿದ್ರಿ. ಏನ ಬಂದೈತಿ ಅಂತ ನಾನ ಕೇಳಲಿಲ್ಲ.”

“ಮಂದಿ ನಗ್ತಾರ ಎವ್ವಾ. ಹಾಡಿನ ಕಂಪನಿಗೆ ಮಿಸ್ ಕಾಲ್ ಕೊಟ್ಟಾಕಿ ಅಂತಾರ.”

“ಅಷ್ಟೂ ಎಮ್ಮಿ ಹೊಳ್ಯಾಗಿಂದ ಒಂದ ದನಿಗೆ ಕರದಾಕಿ ಅಂತ್ಲೂ ಅಂತಾರ್ರಿ. ಈರಪ್ಪ ಅಂಗಡ್ಯಾಗ ಅದನ್ನ ಹೇಳಕೊಂತ ಕುಂತಿದ್ದ, ಈಗ ಕೇಳೇ ಬಂದೇನಿ.”

ಲಗಮವ್ವ ಹೆಂಡಿಯನ್ನು ಒಂದು ಕಡೆ ಗುಡ್ಡೆ ಹಾಕಿದಳು. ಆಮೇಲೆ ಕೇಳಿದಳು:

“ಈಗ ಟಿಂಗ್ ಅಂದ್ರ ಏನ ಮಾಡಬೇಕು?”

“ಏನೂ ಮಾಡಬ್ಯಾಡ್ರಿ. ಟಿಂಗ್ ಅನ್ಲಿ ಬಿಡ್ರಿ. ಗಂಟಿ ಹೊಡದ್ರ ಅಷ್ಟ ಎತ್ರಿ. ನಾ ಮಾತಾಡತೇನಿ. ನಾ ಏನ ಹೇಳ್ತೇನಿ ಅದನ್ನ ನನಗ ತಿರುಗಿ ಹೇಳ್ರಿ.”

“ನೀ ಏನ ಹೇಳ್ತಿ?”

“ಹೊಳಿಗೆ ನೀರ ಬರಾಕತ್ತೈತಿ, ಕಾಕಾನ್ನ ಕರೀರಿ ಅಂತೇನಿ.”

“ಹೊಳಿಗೆ ನೀರ ಬರಾಕತ್ತೈತಿ, ಅವರನ್ನ ಕರೀತೇನಿ,” ಎಂದು ಲಗಮವ್ವ ಮೆಲ್ಲಗೆ ಹೇಳಿ ನೋಡಿದಳು. ಮತ್ತೊಮ್ಮೆ ತುಸು ಜೋರಾಗಿ ಹೇಳಿದಳು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, “ಫೋನ್ ಚೀಲದಾಗ ಐತಿ. ಹೋಗೂವಾಗ ತಗದ ಕೊಡು, ಜ್ವಾಳ ಒಳಗ ಹೊಕ್ಕಾವೇನೊ ನೋಡು,” ಅಂದಳು. “ಈಗ ಸುಮ್ನ ನಿಂತ ಏನ ಮಾಡ್ತಿ? ಈ ಬುಟ್ಟಿಗೆ ಒಂದ ಕೈ ಹಚ್ಚು.”

ಸುವರ್ಣಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಇಬ್ಬರೂ ಕೂಡಿ ಹೆಂಡಿಯ ಬುಟ್ಟಿ ಎತ್ತಿ, ಎಮ್ಮೆಗಳ ಹಿಂದೆ ಹಾದು, ಹಿತ್ತಲ ತಿಪ್ಪೆಗೆ ಸುರಿದು ಬಂದರು. ಕೊಟ್ಟಿಗೆಯಲ್ಲಿ ಇನ್ನೂ ಅರ್ಧ ಬಳಿಯುವುದಿತ್ತು.